ಎರಡು ಸಲ ಬಂದ ಹಲಗೆಗಳು

ವಿರಾಜಪೇಟೆ
೭ ಡಿಸೆಂಬರ್ ೧೯೫೮

ಅವ್ವಾ,

ಕ್ಷೇಮ ಅಂತ ಬರೆಯಬೇಕು. ಕೆಮ್ಮಿಲ್ಲ, ಜ್ವರವಿಲ್ಲ, ಅಷ್ಟು ಮಾತ್ರ ನಿಜ.

ನೀನು ಕೆಲಸಕ್ಕಿರುವ ಮಾಹೆಯ ಡಿಪೋ ಮುಚ್ಚುವ ಸುದ್ದಿ ಈ ಕಾಗದಕ್ಕಿಂತ ಮೊದಲೇ ಕಾಫಿ ಲಾರಿಯವರ ಬಾಯಿಂದ ನಿನಗೆ ಮುಟ್ಟಿರಬಹುದು. ಯಾರಿಂದ ಹಾಗಾಯಿತು ಅಂತ ಅವರಿಗೆ ಗೊತ್ತಿಲ್ಲ. ನನ್ನಿಂದ.

ಒಂಬತ್ತನೇ ಕ್ಲಾಸು ಬಿಟ್ಟ ಮೇಲೆ ನಾನು ನಾಣಯ್ಯನವರ ಮರದ ಅಂಗಡಿಯಲ್ಲಿ ಬರೆಯುವ ಕೆಲಸಕ್ಕಿದ್ದೇನೆ. ಒಂದು ಕಡೆ ಕೂರುವುದು ನನಗೆ ಆಗದು, ಗೋದಾಮಿಗೂ ಮೇಜಿಗೂ ಓಡಾಡುತ್ತಿರುತ್ತೇನೆ. ಸುತ್ತಲೂ ತೇಗ, ಬೀಟೆ ನಿಂತಿರುವಾಗ ಜನ ಪ್ಲೈವುಡ್ ಹಲಗೆ ಕೇಳುತ್ತಾರೆ. ಹೊರಗಿನಿಂದ ತರಿಸುವ ಆ ಹಲಗೆಗೆ ಇಲ್ಲೊಂದು, ಮಾಹೆಯಲ್ಲೊಂದು, ಎರಡು ಡಿಪೋ ಸಾಕುವುದು ಕಷ್ಟ ಅಂತ ನಾಣಯ್ಯನವರು ಹೋದ ತಿಂಗಳು ನನ್ನನ್ನು ಕರೆದರು. ಕೊಡಗಿಗೆ ಬಂದ ಹಲಗೆಯ ಒಟ್ಟು ಬೆಲೆ, ಮಾಹೆಗೆ ಬಂದದ್ದರ ಬೆಲೆ, ಪಕ್ಕಪಕ್ಕ ಬರೆದು ತಾ ಅಂದರು. ಕೊಡಗು ಈಗ ಒಂದು ಜಿಲ್ಲೆ, ಮಾಹೆಯಿಂದ ಫ್ರೆಂಚರು ಹೋಗಿ ವರ್ಷಗಳಾದವು. ನಾಣಯ್ಯನವರ ಬಾಯಲ್ಲಿ ಮಾತ್ರ ಎರಡೂ ಇನ್ನೂ ಪುಟ್ಟ ದೇಶಗಳೇ. ಹೆಚ್ಚು ಬಂದ ಕಡೆ ಡಿಪೋ ಉಳಿಯುತ್ತದೆ, ಬರೆಯುವವಳೂ ಅಲ್ಲಿಗೇ ಹೋಗಬೇಕು.

ಕೂಡಿದೆ. ಮಾಹೆಯದೇ ಹೆಚ್ಚು.

ಅಪ್ಪನಿಗೆ ಹೇಳಿದೆ. ನೀನು ಮನೆ ಬಿಟ್ಟು ಹೋದ ಮೇಲೆ ಆ ಊರಿನ ಹೆಸರನ್ನು ಅವರು ಎತ್ತಿದವರಲ್ಲ. ಅವತ್ತೂ, ಹೋಗುದಾದ್ರೆ ಹೋಗ್, ಕೋಳಿನ ಗೂಡಿಗೆ ಯಾರ್ ಹಾಕುದು, ಅಂದರು ಅಷ್ಟೆ. ನಾನು ಬಟ್ಟೆ ಮಡಚಿಟ್ಟೆ.

ಮರುದಿನ ಗೋದಾಮಿನಲ್ಲಿ ಒಂದು ಹಲಗೆಯ ಮೂಲೆಯಲ್ಲಿ ಸುಣ್ಣದ ಗುರುತು ಕಂಡಿತು. ಎರಡು ಗೆರೆ, ನಡುವೆ ಚುಕ್ಕೆ. ಎಣಿಸಿ ಮುಗಿಸಿದ ಕಾಫಿ ಮೂಟೆಗೆ ನೀನು ಮನೆಯಲ್ಲಿ ಇಡುತ್ತಿದ್ದದ್ದು. ನಿನ್ನ ಹೆಬ್ಬೆರಳು ಜಾರಿ ಚುಕ್ಕೆಗೆ ಸಣ್ಣ ಬಾಲ ಬರುತ್ತದಲ್ಲ, ಅದೂ ಇತ್ತು. ರಾಶಿಯ ತುಂಬಾ ಅದೇ ಗುರುತು. ಕಾಫಿ ಲಾರಿಯ ಡ್ರೈವರ್ ಸಿದ್ದನನ್ನು ಕೇಳಿದೆ. ಮಾಹೆಯಲ್ಲಿ ಮಾರಿ ಉಳಿದದ್ದನ್ನು ತಾನೇ ಹೇರಿಕೊಂಡು ಬರುತ್ತೇನೆ ಅಂದ. ಕಾಫಿ ಇಳಿಸಿದ್ ಲಾರಿ ಘಾಟಿ ಹತ್ತುವಾಗ ಮದುವೆ ಮನೆ ಹಾಂಗೆ ಕುಣೀತದೆ ಮಾರಾಯ್ತಿ, ಭಾರ ಬೇಕಲ್ಲ, ಅಂತ ನಕ್ಕ.

ಹಾಗಾದರೆ ಒಂದೇ ಹಲಗೆಯ ಬೆಲೆಯನ್ನು ಮಾಹೆಗೆ ಬಂದಾಗ ಒಮ್ಮೆ, ಇಲ್ಲಿಗೆ ಬಂದಾಗ ಇನ್ನೊಮ್ಮೆ ಬರೆದಿದ್ದೇವೆ. ಘಾಟಿ ಹತ್ತಿ ಬಂದದ್ದನ್ನು ಮಾಹೆಯ ಮೊತ್ತದಿಂದ ತೆಗೆದರೆ ಕೊಡಗಿನದೇ ಹೆಚ್ಚು.

ಒಂದು ದಿನ ಆ ಲೆಕ್ಕವನ್ನು ಮೇಜಿನೊಳಗೇ ಇಟ್ಟುಕೊಂಡೆ. ಯಾರೂ ಕೇಳುತ್ತಿರಲಿಲ್ಲ. ಆಮೇಲೆ ಹೇಳಿಬಿಟ್ಟೆ. ನಾಣಯ್ಯನವರು ಕನ್ನಡಕ ತೆಗೆದು, ಸ್ಕೂಲ್ ಬೇಡಾಂತ ಓಡಿ ಬಂದ ಕೂಸಿಗೆ ಲೆಕ್ಕ ಯಾಕೆ ಇಷ್ಟ್ ಸರಿ ಇರ್ಬೇಕ್, ಅಂದರು. ಸಂಜೆಯೊಳಗೆ ತೀರ್ಮಾನವಾಯಿತು. ನಿನ್ನ ಕೆಲಸವೂ ಡಿಪೋ ಹಿಂದಿನ ನಿನ್ನ ಕೋಣೆಯೂ ಹೋದವು. ನನಗೆ ಅಳು ಬರಲಿಲ್ಲ. ಬಟ್ಟೆಯನ್ನು ಪುನಃ ಹಗ್ಗದ ಮೇಲೆ ಹಾಕಿ, ಕೋಳಿಗಳನ್ನು ಗೂಡಿಗೆ ಹಾಕಿದೆ.

ಕ್ಷಮಿಸು ಅಂತ ಬರೆಯುವುದಿಲ್ಲ. ಸುಳ್ಳು ಹೊತ್ತು ನಿನ್ನ ಹತ್ತಿರ ಬಂದಿದ್ದರೆ ನನ್ನ ಮುಖ ನೋಡಿಯೇ ನಿನಗೆ ತಿಳಿಯುತ್ತಿತ್ತು.

ನಿನ್ನ ಕೆಲಸ ಕಳೆದ ಮಗಳು,
ಯಮುನ

ತಾ.ಕ.: ಗುರುತಿನ ಹಲಗೆ ಒಂದನ್ನು ಸಂಬಳದಲ್ಲಿ ಹಿಡಿದುಕೊಳ್ಳಿ ಅಂತ ಹೇಳಿ ಮನೆಗೆ ತಂದೆ. ಅಪ್ಪನ ಮಂಚಕ್ಕೂ ನನ್ನದಕ್ಕೂ ನಡುವೆ ಅಡ್ಡ ನಿಲ್ಲಿಸಿದ್ದೇನೆ. ಸುಣ್ಣದ ಗುರುತು ಅಪ್ಪನ ಕಡೆಗೆ ಬಂತು. ಒರೆಸು ಅನ್ನಲಿಲ್ಲ. ನನ್ನ ಕಡೆ ಇಬ್ಬರು ಮಲಗಬಹುದು. ಸಿದ್ದನ ಲಾರಿ ಇನ್ನು ಮೇಲೆ ಮಾಹೆಯಿಂದ ಖಾಲಿಯೇ ಬರುತ್ತದಂತೆ.