ಮಣ್ಣು ಕೊಡುವವರು

ಓಝರ್, ನಾಸಿಕ್ ಜಿಲ್ಲೆ
೧೭ ಡಿಸೆಂಬರ್ ೨೦೨೫

ಪ್ರೀತಿಯ ಮಗ ಮನೋಜನಿಗೆ ಅಪ್ಪ, ಅವ್ವನ ತುಂಬು ಹರಕೆ.

ಹೇಗಿದ್ದೀ? ಅಲ್ಲಿಯ ಚಳಿ ನಿನ್ನ ಬೆನ್ನುನೋವಿಗೆ ಆಗಿಬರುವುದಿಲ್ಲ, ಜೋಪಾನ. ಅವ್ವ ಕಳಿಸಿದ ಶೇಂಗಾ ಚಟ್ನಿ ಮುಟ್ಟಿತೇ? ಮಾರ್ಚ್‌ನಲ್ಲಿ ವಿಮಾನ ಕಾರ್ಖಾನೆಯವರು ರಿಪೇರಿ ಕೆಲಸಕ್ಕೆಂದು ನಿನ್ನನ್ನು ಗಡಿಯ ಆ ವಿಮಾನನೆಲೆಗೆ ಕಳಿಸಿದಾಗಿನಿಂದ, ಟೀವಿಯಲ್ಲಿ ಸುದ್ದಿ ಶುರುವಾಯಿತೆಂದರೆ ಅವಳು ಅಡುಗೆಮನೆಗೆ ಎದ್ದುಹೋಗುತ್ತಾಳೆ. ಸೊಸೆ ಹರಿಪ್ರಿಯಾಳಿಗೆ ಬ್ಯಾಂಕಿನಲ್ಲಿ ಕೈತುಂಬ ಕೆಲಸ, ಆದರೂ ಆರಾಮ ಇದ್ದಾಳೆ. ನನ್ನ ಬಿಪಿ ಹತೋಟಿಯಲ್ಲಿದೆ, ಸಿಟ್ಟು ಮಾತ್ರ ಹತೋಟಿಗೆ ಬಂದಿಲ್ಲ. ಫೋನಿನಲ್ಲಿ ನೀನು "ಎಲ್ಲಾ ಆರಾಮ್ರಿ ಅಪ್ಪಾ" ಎಂದು ಮುಗಿಸಿಬಿಡುತ್ತೀ, ಅದಕ್ಕೇ ಈ ಕಾಗದ. ನಿನ್ನ ಮಗಳು ಭಾನುವಾರದಿಂದ ನನ್ನ ಜೊತೆ ಮಾತಾಡುತ್ತಿಲ್ಲ.

ಸಮೀಕ್ಷಾಳನ್ನು ಶಾಲೆಯವರು ಮರಾಠಿ ಚರ್ಚಾಸ್ಪರ್ಧೆಗೆ ಆರಿಸಿದ್ದು ನಿನಗೆ ಗೊತ್ತು. ಯುದ್ಧದಲ್ಲಿ ಅಣುಬಾಂಬ್ ಹಾಕುವುದು ಸರಿಯೋ ತಪ್ಪೋ ಎಂಬುದು ವಿಷಯ. ಚೀಟಿ ಎತ್ತಿದಾಗ ಅವಳ ಪಾಲಿಗೆ 'ಸರಿ' ಬಂತು. ಭಾಷಣ ನಾನೇ ಬರೆದುಕೊಟ್ಟೆ. ಜೀವಮಾನವೆಲ್ಲ ಯುದ್ಧವಿಮಾನದ ರೆಕ್ಕೆಯ ಕೆಳಗೆ ಬೆವರು ಸುರಿಸಿದವನು, ನನಗೇನು ಕಷ್ಟ? ಒಂದು ಊರು ಹೋದರೆ ಯುದ್ಧ ನಿಲ್ಲುತ್ತದೆ, ಯುದ್ಧ ನಿಂತರೆ ಲಕ್ಷಾಂತರ ಸೈನಿಕರು ಮನೆಗೆ ಮರಳುತ್ತಾರೆ, ಅವರಿಗೂ ಹೆಂಡತಿ ಮಕ್ಕಳಿದ್ದಾರೆ ಎಂದು ನನ್ನ ವಾದ. ಅದನ್ನು ಇವತ್ತಿಗೂ ಪೂರ್ತಿ ಸುಳ್ಳೆನ್ನಲಾರೆ ಮಗನೇ. ಮೇ ತಿಂಗಳಲ್ಲಿ ಗಡಿಯಲ್ಲಿ ಗುಂಡು ಹಾರುವಾಗ ನನ್ನ ಕಣ್ಣ ಮುಂದೆ ಇದ್ದವನು ನೀನೊಬ್ಬನೇ. ನಾಸಿಕ್‌ನಲ್ಲಿ ಮೊದಲ ಬಹುಮಾನ ಬಂತು, ಕಾಲನಿಗೆಲ್ಲ ಪೇಢೆ ಹಂಚಿದೆ.

ಫೈನಲ್ ಇದ್ದದ್ದು ಸಂಭಾಜಿನಗರದಲ್ಲಿ. ಹೊರಡುವ ಹಿಂದಿನ ದಿನ ನಿನ್ನ ಅವ್ವ ತಕರಾರು ತೆಗೆದಳು. ಇಷ್ಟು ವರ್ಷ ಇಲ್ಲಿದ್ದೂ ಅವಳ ಮರಾಠಿ ಇನ್ನೂ ತರಕಾರಿ ಗಾಡಿ ದಾಟಿಲ್ಲ. ಮೊಮ್ಮಗಳ ಭಾಷಣ ಊರಿಗೆಲ್ಲ ತಿಳಿದಿದೆ, ತನಗೇ ತಿಳಿದಿಲ್ಲವೆಂದು ಮುನಿಸು. ಕನ್ನಡದಲ್ಲಿ ಹೇಳು ಎಂದು ಕೂರಿಸಿಕೊಂಡಳು. ನಿನ್ನ ಮಗಳ ಕನ್ನಡವೆಂದರೆ ಊಟ, ನೀರು, ನಿದ್ದೆ, ಹಬ್ಬ, ಅಷ್ಟೇ ತಾನೆ. ನನ್ನ ದೊಡ್ಡ ದೊಡ್ಡ ಮರಾಠಿ ಶಬ್ದಗಳಿಗೆ ಅವಳಲ್ಲಿ ಕನ್ನಡವಿರಲಿಲ್ಲ. ತಡವರಿಸಿ ಕೊನೆಗೆ, "ಅಜ್ಜೀ, ಒಂದು ಊರಿನ ಎಲ್ಲಾ ಮಂದಿ ಸಾಯ್ತಾರ. ಆಮ್ಯಾಲ ಲಡಾಯಿ ಬಂದ್ ಆಗ್ತದ," ಎಂದಳು.

ನಿನ್ನ ಅವ್ವ ಸೊಪ್ಪು ಸೋಸುವುದನ್ನು ನಿಲ್ಲಿಸಿ ಕೇಳಿದಳು, "ಎಲ್ಲಾರೂ ಸತ್ತರ ಮಣ್ಣು ಕೊಡವರು ಯಾರವ್ವಾ?"

ನನ್ನ ಜೊತೆ ಕೆಲಸ ಮಾಡಿದ ಸಂಗಮನಾಥ ನಿಫಾಡ್‌ನಲ್ಲಿ ತೀರಿಕೊಂಡದ್ದು ನಿನಗೆ ನೆನಪಿರಬೇಕು. ನಮ್ಮಲ್ಲಿ ಸುಡುವುದಿಲ್ಲವಲ್ಲ, ಪರವೂರಿನಲ್ಲಿ ಜಾಗ ಹುಡುಕಬೇಕಾಯಿತು, ಕುಣಿ ತೋಡಬೇಕಾಯಿತು, ಕ್ರಿಯೆ ಮಾಡಿಸಲು ಬಿಡಕಿನ್ ಊರಿನಿಂದ ನಮ್ಮ ಸಮಾಜದವರು ಬರುವ ತನಕ ಕಾದೆವು. ದ್ರಾಕ್ಷಿ ತೋಟದ ಕೂಲಿಯವರೂ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಒಬ್ಬನಿಗೇ ಅಷ್ಟು ಕೈ ಬೇಕಾದವು. ಆಗ ಪುಟ್ಟ ಸಮೀಕ್ಷಾ ನನ್ನ ತೋಳಿನಿಂದಲೇ ಬಗ್ಗಿ ತಾನೂ ಒಂದು ಹಿಡಿ ಹಾಕಿದ್ದಳು. ಅವ್ವನ ಮಾತಿಗೆ ಅವಳು, "ನಾನೂ ಒಮ್ಮೆ ಮಣ್ಣು ಹಾಕೇನಲ್ಲ ಅಜ್ಜೀ?" ಎಂದಾಗಲೇ ಅದು ಅವಳ ನೆನಪಿನಲ್ಲಿ ಉಳಿದಿದೆ ಎಂದು ನನಗೆ ಗೊತ್ತಾದದ್ದು.

ಭಾನುವಾರ ವೇದಿಕೆಯ ಮೇಲೆ ಅರ್ಧ ಭಾಷಣ ಗಡಗಡನೆ ಹೇಳಿದಳು. ಮುಂದಿನ ಸಾಲಿನಲ್ಲಿ ಕೂತು ನಾನೂ ತುಟಿ ಆಡಿಸುತ್ತಿದ್ದೆ. 'ಒಂದು ಊರು ಹೋದರೆ' ಎನ್ನುವಲ್ಲಿ ನಿಂತಳು. ಮರೆತಳೆಂದುಕೊಂಡು ಕೂತಲ್ಲಿಂದಲೇ ಮುಂದಿನ ಮಾತು ಪಿಸುಗುಟ್ಟಿದೆ. ಅವಳು ನನ್ನನ್ನೇ ನೋಡುತ್ತ, ಅಜ್ಜಿಯ ಪ್ರಶ್ನೆಯನ್ನು ಮರಾಠಿಯಲ್ಲಿ ಇಡೀ ಸಭೆಗೆ ಕೇಳಿದಳು. ತನಗೆ ಉತ್ತರ ಗೊತ್ತಿಲ್ಲ, ಅದಕ್ಕೇ ಸರಿ ಎನ್ನಲಾರೆ ಎಂದು ಹೇಳಿ ಇಳಿದುಬಂದಳು. ತನ್ನ ಪಕ್ಷ ಬಿಟ್ಟು ಮಾತಾಡಿದಳೆಂದು ತೀರ್ಪುಗಾರರು ಅವಳನ್ನು ಸ್ಪರ್ಧೆಯಿಂದ ಕೈಬಿಟ್ಟರು. ಮರಳಿ ಬರುವಾಗ ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಚರ್ಚೆ ಎಂದರೆ ಆಟ, ಅದನ್ನು ಎದೆಗೆ ಹಚ್ಚಿಕೊಳ್ಳಬಾರದು ಎಂದು ಚೆನ್ನಾಗಿ ಬೈದೆ. ಆಗ ಅವಳೊಂದು ಮಾತು ಕೇಳಿದಳು. ನಾನು ಎದ್ದು ಚಹಾದ ದುಡ್ಡು ಕೊಡಲು ಹೋದೆ. ಅವಳಿಗೆಂದು ತರಿಸಿದ ಹಾಲು ಕುಡಿಯದೆ ಅಲ್ಲೇ ಆರಿಹೋಯಿತು, ನಾವು ಬಸ್ಸು ಹತ್ತಿದೆವು.

ಬಸವಣ್ಣ ನಿನ್ನನ್ನೂ ನಿನ್ನ ಜೊತೆಗಿರುವ ಹುಡುಗರನ್ನೂ ಕಾಯಲಿ. ಸ್ವೆಟರ್ ಬಿಡಬೇಡ ಎಂದು ಎರಡೆರಡು ಸಲ ಬರೆಯಲು ಅವ್ವ ಹೇಳಿದ್ದಾಳೆ, ಒಂದು ಸಲ ಬರೆದಿದ್ದೇನೆ. ಹರಿಪ್ರಿಯಾ ನೆನಪು ತಿಳಿಸಿದ್ದಾಳೆ.

ನಿನ್ನ ಅಪ್ಪ,
ಗುರುಸಿದ್ದಪ್ಪ

ತಾ.ಕ.: ವೈಜಾಪುರದಲ್ಲಿ ಅವಳು ಕೇಳಿದ್ದು ಇದು: "ಅಜ್ಜಾ, ಪಪ್ಪಾ ರಿಪೇರಿ ಮಾಡೋ ವಿಮಾನದಾಗ ಆ ಬಾಂಬ್ ಇಡ್ತಾರೇನು? ಪಪ್ಪಾಗ ಹೇಳಿ ಇಡ್ತಾರೋ, ಹೇಳದ ಇಡ್ತಾರೋ?" ನೀನು ಏನು ಹೇಳಬಹುದು, ಏನು ಹೇಳಬಾರದು ಎಂದು ನನಗೆ ತಿಳಿದಿದೆ, ನಾನೂ ಅದೇ ಕಾರ್ಖಾನೆಯ ಗೇಟಿನಿಂದ ನಿವೃತ್ತನಾಗಿ ಹೊರಬಂದವನು. ಕೆಲಸದ ಮಾತು ಬೇಡ. ನಿನ್ನ ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ಅವಳಿಗೆ ಬರೆ. ಮರಾಠಿಯಲ್ಲಿ ಬೇಡ, ಅವಳಿಗೆ ಬರುವ ಆ ಊಟ, ನೀರಿನ ಕನ್ನಡದಲ್ಲೇ ಬರೆ. ನಿನ್ನ ಅವ್ವ ಓದಿ ಹೇಳುತ್ತಾಳೆ. ಪಕ್ಕದಲ್ಲಿ ಕೂತು ನಾನೂ ಕೇಳುತ್ತೇನೆ.