ನಿಂತಲ್ಲೇ ಮುದಿಯಾದ ಟೈರುಗಳು

ಕಾರ್ಖಾನೆಯ ಸಾರಿಗೆ ವಿಭಾಗದ ಮುಖ್ಯಸ್ಥರೇ,

ಆಂಬುಲೆನ್ಸ್ ಚಾಲಕ ಓವೈಸ್‌ನನ್ನು ನೀವು ಅಮಾನತು ಮಾಡಿ ಇಂದಿಗೆ ಇಪ್ಪತ್ತಾರು ದಿನ. ಅಂದು ಆ ವಾಹನದ ಸ್ಟ್ರೆಚರ್ ಮೇಲೆ ಮಲಗಿದ್ದವನು ನಾನು. ನಿಮ್ಮ ವಿಚಾರಣಾ ಸಮಿತಿ ಟ್ರಾಫಿಕ್ ಪೊಲೀಸರನ್ನು ಕೇಳಿತು, ಗೇಟಿನ ಕಾವಲುಗಾರನನ್ನೂ ಕೇಳಿತು, ನನ್ನನ್ನು ಕೇಳಲಿಲ್ಲ. ನಾನು ಬದುಕಿರುವ ಸುದ್ದಿ ಕಡತಕ್ಕೆ ಇನ್ನೂ ತಲುಪಿಲ್ಲವೇನೋ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳ ಮಧ್ಯಾಹ್ನ. ಊಟ ಮುಗಿಸಿ ಎದ್ದವನಿಗೆ ಎದೆ ಹಿಂಡಿಕೊಂಡು ಬಂತು. ಹೆಂಡತಿ ಸುಬ್ಬಲಕ್ಷ್ಮಿ ಕಾರ್ಖಾನೆ ಕಾಲೊನಿಯ ಡಿಸ್ಪೆನ್ಸರಿಗೆ ಫೋನ್ ಮಾಡಿದಳು. ಎಂಟೇ ನಿಮಿಷದಲ್ಲಿ ಓವೈಸ್ ಬಂದ, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ, ಹಲಸೂರಿನ ಆಸ್ಪತ್ರೆಯತ್ತ ಹೊರಟ. ಕೆ.ಆರ್. ಪುರದ ತೂಗುಸೇತುವೆ ಇಳಿದು ಟಿನ್ ಫ್ಯಾಕ್ಟರಿ ಹತ್ತಿರ ಬರುವಾಗ ಮುಂದಿನ ಎಡ ಟೈರ್ ಒಡೆಯಿತು. ಗಾಡಿ ಒಮ್ಮೆಗೇ ಎಡಕ್ಕೆ ಎಳೆಯಿತು. ಅಲ್ಲಿ ಬಸ್ಸಿಗೆ ಕಾಯುವ ಜನ ಸಾಲಾಗಿ ನಿಂತಿದ್ದರು.

“ಬ್ರೇಕ್ ಹಾಕಪ್ಪಾ,” ಎಂದಳು ಸುಬ್ಬಲಕ್ಷ್ಮಿ.

“ಈಗ ಹಾಕಿದ್ರೆ ಪಲ್ಟಿ ಹೊಡೀತದೆ ಅಮ್ಮ. ನೀವು ಸಾರ್‌ನ ಗಟ್ಟಿಯಾಗಿ ಹಿಡ್ಕೊಳಿ.”

ಅವನು ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟ. ಗಾಡಿ ನಿಂತಾಗ ಆ ಜನರಿಗೂ ನಮಗೂ ನಡುವೆ ಎರಡು ಮಾರು ಜಾಗವಿತ್ತು. ಇದಕ್ಕೆ ನಿಮ್ಮ ಆರೋಪಪಟ್ಟಿಯಲ್ಲಿರುವ ಹೆಸರು ‘ನಿರ್ಲಕ್ಷ್ಯದ ಚಾಲನೆ’.

“ಸ್ಟೆಪ್ನಿ ಇಲ್ವಾ?” ಸುಬ್ಬಲಕ್ಷ್ಮಿ ಕೇಳಿದಳು.

“ಇದೆ ಅಮ್ಮ. ಅದೂ ಇದ್ರ ಜೊತೇಲೇ ಬಂದಿದ್ದು. ಅದನ್ನ ಹಾಕ್ಕೊಂಡು ಸಾರ್‌ನ ಕರ್ಕೊಂಡು ಹೋಗೋ ಧೈರ್ಯ ನಂಗಿಲ್ಲ.”

ಓವೈಸ್ ರಸ್ತೆಯ ನಡುವೆ ನಿಂತು ನೀರಿನ ಕ್ಯಾನು ಸಾಗಿಸುವ ಗೂಡ್ಸ್ ಗಾಡಿಯೊಂದನ್ನು ತಡೆದ. ಅದರ ಚಾಲಕ ಭೀಮು ಏನೂ ಕೇಳದೆ ಕ್ಯಾನುಗಳನ್ನು ಫುಟ್‌ಪಾತಿಗೆ ಇಳಿಸತೊಡಗಿದ. “ಮಲಗ್ಸಿ ಅಣ್ಣ, ಇವು ಎಲ್ಲೂ ಹೋಗಲ್ಲ,” ಎಂದ. ಆಕ್ಸಿಜನ್ ಸಿಲಿಂಡರನ್ನು ಮಂಡಿಗಳ ನಡುವೆ ಒತ್ತಿಕೊಂಡು, ನನ್ನ ಮುಖದ ಮಾಸ್ಕನ್ನು ಅಂಗೈಯಲ್ಲಿ ಹಿಡಿದು ಓವೈಸ್ ಹಲಸೂರಿನವರೆಗೂ ಬಂದ. ನಿಮ್ಮ ಎರಡನೆಯ ಆರೋಪ ಇದೇ: ಸಂಸ್ಥೆಯ ವಾಹನವನ್ನು ಸಾರ್ವಜನಿಕ ರಸ್ತೆಯಲ್ಲಿ ಬಿಟ್ಟುಹೋದದ್ದು. ಅವನು ಗಾಡಿ ಕಾಯುತ್ತ ಕೂತು ನನ್ನನ್ನು ರಸ್ತೆಯಲ್ಲಿ ಬಿಡಬೇಕಿತ್ತೇ?

ಒಡೆದ ಟೈರಿನ ಗ್ರಿಪ್ ಹೊಸದರಂತಿತ್ತು, ದೋಷ ಚಾಲಕನದೇ ಎಂದು ನಿಮ್ಮ ವರದಿ ಹೇಳುತ್ತದೆ. ಗ್ರಿಪ್ ಸವೆಯುವುದು ಹೇಗೆ? ಡಿಸ್ಪೆನ್ಸರಿ ಮುಂದೆ ವರ್ಷವಿಡೀ ಬಿಸಿಲಲ್ಲಿ ನಿಲ್ಲುವ ಗಾಡಿ ಅದು. ರಬ್ಬರು ಓಡಿದರೆ ಮಾತ್ರ ಹಾಳಾಗುವುದಿಲ್ಲ, ನಿಂತರೂ ಒಣಗುತ್ತದೆ, ಬಿರುಕು ಬಿಡುತ್ತದೆ. ಆ ಟೈರಿನ ಬದಿಯ ಮೇಲೆ 2314 ಎಂಬ ನಾಲ್ಕು ಅಂಕಿಗಳಿವೆ. ಅಂದರೆ 2014ರ ಇಪ್ಪತ್ತಮೂರನೆಯ ವಾರ ತಯಾರಾದದ್ದು. ಹತ್ತು ವರ್ಷ ದಾಟಿದ ಟೈರ್ ನೋಡಲು ಎಷ್ಟೇ ಚೆನ್ನಾಗಿದ್ದರೂ ನಂಬುವಂಥದ್ದಲ್ಲ. ಪ್ರತಿ ಸೋಮವಾರ ಗಾಳಿ ಪರೀಕ್ಷಿಸಿ ಲಾಗ್ ಪುಸ್ತಕದಲ್ಲಿ ಓವೈಸ್ ಬರೆದಿಟ್ಟಿದ್ದಾನೆ. ಗಾಳಿ ತುಂಬುವುದು ಅವನ ಕೈಯಲ್ಲಿತ್ತು. ವಯಸ್ಸು ಇಳಿಸುವುದು ಯಾರ ಕೈಯಲ್ಲಿದೆ? ನಿಮ್ಮ ನಿಯಮವೋ, ನಲವತ್ತು ಸಾವಿರ ಕಿಲೋಮೀಟರ್ ಓಡದ ಹೊರತು ಟೈರ್ ಬದಲಿಸುವಂತಿಲ್ಲ ಎನ್ನುತ್ತದೆ. ಈ ಗಾಡಿ ಓಡಿರುವುದು ಹತ್ತೊಂಬತ್ತು ಸಾವಿರ.

ಈ ನಿಯಮ ನನಗೆ ಬಾಯಿಪಾಠ. ನಾಲ್ಕು ವರ್ಷದ ಹಿಂದೆ ನಿವೃತ್ತನಾಗುವವರೆಗೆ ಸ್ಟೋರ್ಸ್ ವಿಭಾಗದ ಸೂಪರಿಂಟೆಂಡೆಂಟ್ ನಾನೇ. ಆ ಕೊನೆಯ ತಿಂಗಳಲ್ಲಿ ಓವೈಸ್ ಟೈರ್ ಕೇಳಿ ಅರ್ಜಿ ತಂದಿದ್ದ.

“ಸೈಡಲ್ಲೆಲ್ಲ ಬಿರುಕು ಬಂದಿದೆ ಸಾರ್. ಒಂದ್ಸಲ ಕೆಳಗೆ ಬಂದು ನೋಡಿ.”

“ಕಿಲೋಮೀಟರ್ ಆಗಿಲ್ವಲ್ಲಪ್ಪ,” ಎಂದೆ. ಕುರ್ಚಿಯಿಂದ ಏಳಲಿಲ್ಲ. ‘ನಿಗದಿತ ದೂರ ಕ್ರಮಿಸಿಲ್ಲ, ಹಿಂದಿರುಗಿಸಿದೆ’ ಎಂದು ಬರೆದು ಸಹಿ ಹಾಕಿದೆ. ಅವನು ಇದನ್ನು ಮರೆತಿರಲಾರ. ಆದರೂ ಆಸ್ಪತ್ರೆಗೆ ಮೂರು ಸಲ ಬಂದವನು ಆ ಮಾತೇ ಎತ್ತಲಿಲ್ಲ. ಮೂರನೆಯ ಸಲ ನಾನೇ ಎತ್ತಿದೆ. “ಬಿಡಿ ಸಾರ್, ಮೊದ್ಲು ಹುಷಾರಾಗಿ,” ಎಂದ. ಅವನ ಮುಖ ನೋಡಲಾಗದೆ ಗೋಡೆ ಕಡೆ ತಿರುಗಿ ಮಲಗಿದೆ.

ಹೋದ ವಾರ ಕೋಲೂರಿಕೊಂಡು ಡಿಸ್ಪೆನ್ಸರಿಗೆ ಹೋಗಿ ಮಂಡಿಯೂರಿ ನೋಡಿದೆ. ಒಡೆದದ್ದೊಂದನ್ನು ಮಾತ್ರ ಬದಲಿಸಿದ್ದೀರಿ. ಉಳಿದ ಮೂರರ ಮೇಲೂ ಅದೇ 2314, ಸ್ಟೆಪ್ನಿಯ ಮೇಲೂ ಅದೇ. ಹೊಸ ಚಾಲಕ ಅದೇ ಗಾಡಿಯಲ್ಲಿ ಗರ್ಭಿಣಿಯೊಬ್ಬರನ್ನು ಕರೆದೊಯ್ಯಲು ಹೊರಟಿದ್ದ. ಬೇರೆ ಕಾರು ತರಿಸುವವರೆಗೆ ನಾನು ಗಾಡಿಯ ಮುಂದಿನಿಂದ ಕದಲಲಿಲ್ಲ. ಅದಕ್ಕೂ ಒಂದು ದೂರು ನಿಮ್ಮ ಮೇಜಿಗೆ ಬಂದಿರಬೇಕು.

ನಾನು ಕೇಳುವುದು ಇಷ್ಟೇ. ಇನ್ನೊಬ್ಬ ರೋಗಿ ಹತ್ತುವ ಮೊದಲು ಆ ನಾಲ್ಕೂ ಟೈರುಗಳನ್ನು ತೆಗೆಸಿ. ನಿಯಮದಲ್ಲಿ ಕಿಲೋಮೀಟರಿನ ಪಕ್ಕ ವರ್ಷವನ್ನೂ ಬರೆಸಿ. ಓವೈಸ್‌ನನ್ನು ಕೆಲಸಕ್ಕೆ ಕರೆಯಿರಿ. ಆರೋಪಪಟ್ಟಿಯಲ್ಲಿ ಒಬ್ಬರ ಹೆಸರು ಇರಲೇಬೇಕೆಂದಿದ್ದರೆ ನನ್ನದನ್ನು ಬರೆಯಿರಿ, ಒಪ್ಪಿ ಸಹಿ ಹಾಕುತ್ತೇನೆ. ಕೆಳಗೆ ಒಂದು ಸಾಲು ಖಾಲಿ ಬಿಡಿ. ಅದರಲ್ಲಿ ಯಾರ ಹೆಸರು ಬರಬೇಕೆಂದು ನಿಮಗೆ ಗೊತ್ತಿದೆ.

ಇಂತಿ,
ನೀವು ಕರೆಯದಿದ್ದರೂ ಬರುವ ಸಾಕ್ಷಿ,
ವಾದಿರಾಜ