ಕಂಟ್ರೋಲ್ ಮನೆಗಳು

11 ಫೆಬ್ರವರಿ 2025
ಮತ್ತೆ ಮೂತ್ರದ ಬಾಟಲಿಗಳು. ಹೊತ್ತು ಏರುವ ಮೊದಲೇ ಕೂಡ್ಲಿಗಿಯ ರೂಮು ಬಿಟ್ಟೆ. ಹುಟ್ಟಿದ ಕೇರಿಯಲ್ಲೇ ಫೀಲ್ಡ್ ಅಸಿಸ್ಟೆಂಟ್ ನಾನು. ಪಕ್ಕದ ಮನೆಯ ಹಂಪಮ್ಮ ಬಾಗಿಲಲ್ಲೇ ಕಿಚಾಯಿಸಿದಳು — “ಬಂದ ನೋಡ್ರೇ ಉಚ್ಚಿ ಸಾಹೇಬ! ಬಿಎಸ್ಸಿ ಓದ್ಸಿದ್ದು ಸಾರ್ಥಕ ಆತು ಬಿಡು ಪಕ್ಕೀರಮ್ಮ.” ಅವ್ವ ನಕ್ಕಳು. ನಗುವಾಗ ತಲೆ ಎತ್ತಲಿಲ್ಲ. ಎತ್ತಲು ಬರುವುದಿಲ್ಲ.

ನಮ್ಮ ಬೋರಿನ ನೀರಲ್ಲಿ ಫ್ಲೋರೈಡ್. ಮೊದಲು ಹಲ್ಲು ಕಂದು. ಆಮೇಲೆ ಮೊಣಕಾಲು. ಆಮೇಲೆ ಬೆನ್ನು. ಅವ್ವನದು ಬೆನ್ನಿಗೆ ಬಂದು ನಿಂತಿದೆ. ಅವಳಿಗಿನ್ನೂ ಅರವತ್ತಾಗಿಲ್ಲ.

ದೀಪಾವಳಿಗೆ ಮೊದಲು ಪ್ರಾಜೆಕ್ಟು ಬಂತು. ಬೆಂಗಳೂರಿನ ಲ್ಯಾಬಿನಲ್ಲಿ ಹೊಸ ಪುಡಿಯೊಂದನ್ನು ಮಾಡಿದ್ದಾರೆ. ಫ್ಲೋರೈಡು, ನೀರನ್ನು ಗಡಸಾಗಿಸುವ ಉಪ್ಪು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತದಂತೆ. ಅದನ್ನು ತುಂಬಿದ ನೀಲಿ ಡಬ್ಬಿ, ಮನೆಗೊಂದು. ಕೇರಿಯಲ್ಲಿ ಟವರ್ ಸಿಗದು. ಅದಕ್ಕೇ ಡಬ್ಬಿಯ ತಲೆ ಮೇಲೆ ಬೆಂಕಿಪೊಟ್ಟಣದಷ್ಟು ಯಂತ್ರ — ನಲ್ಲಿ ತಿರುವಿದಾಗಲೆಲ್ಲ ಎಷ್ಟು ನೀರು ಇಳಿಯಿತೆಂದು ನೇರ ಉಪಗ್ರಹಕ್ಕೆ ಹೇಳುತ್ತದೆ.

ಆದರೆ ಅರ್ಧ ಡಬ್ಬಿಗಳಲ್ಲಿ ಪುಡಿ ಇಲ್ಲ. ಬರೀ ಮರಳು. ಹೊರಗಿನಿಂದ ಎರಡೂ ಒಂದೇ. ಯಾವ ಮನೆಗೆ ಯಾವುದು ಅನ್ನುವುದು ಬೆಂಗಳೂರಿನ ಕಂಪ್ಯೂಟರಿಗೆ ಮಾತ್ರ ಗೊತ್ತು. ಮರಳಿನ ಮನೆಗಳಿಗೊಂದು ಹೆಸರಿದೆ — ಕಂಟ್ರೋಲ್. ಇದನ್ನೆಲ್ಲ ಕೇರಿಗೆ ಓದಿ ಹೇಳಿ ಸಹಿ ಹಾಕಿಸಿಕೊಂಡವನು ನಾನೇ. ಎಲ್ಲರೂ ತಲೆಯಾಡಿಸಿದರು. ಏನೂ ಇಲ್ಲದ ಕಡೆ ಅರ್ಧ ಸಿಕ್ಕರೂ ತಲೆಯಾಡಿಸುತ್ತೇವೆ.

14 ಮಾರ್ಚ್
ಅವ್ವನ ಮೂತ್ರದಲ್ಲಿ ಫ್ಲೋರೈಡ್ ಇಳಿದಿಲ್ಲ. ಒಂದಿಷ್ಟೂ ಇಲ್ಲ. ಉಪಗ್ರಹದ ಲೆಕ್ಕದಲ್ಲಿ ನಮ್ಮ ಮನೆ ದಿನವೂ ತುಂಬು ಕೊಡ ಇಳಿಸುತ್ತಿದೆ. ಅಂದರೆ ಕುಡಿಯುತ್ತಿದ್ದಾಳೆ. ಕುಡಿದೂ ಇಳಿದಿಲ್ಲ. ಅಂದರೆ ಮರಳು. ನನ್ನವ್ವ ಕಂಟ್ರೋಲ್.

ಗುರುಮೂರ್ತಿ ಸರ್ ಹತ್ತಿರ ಹೋದೆ. ಪ್ರಾಜೆಕ್ಟಿನ ಮುಖ್ಯಸ್ಥರು. ಹರಪನಹಳ್ಳಿಯವರು, ನಮ್ಮವರೇ. ಅವರ ಮೇಜಿನ ಮೇಲೂ ಬಾಬಾಸಾಹೇಬರ ಫೋಟೋ ಇದೆ.
“ಸರ್, ಬೆನ್ನು ಇನ್ನೂ ಬಗ್ಗಿದ್ರೆ ಅವ್ವ ನೆಲ ಹಿಡೀತಾಳ. ಡಬ್ಬಿ ಬದ್ಲಿ ಮಾಡ್ರಿ.”
“ಮಾಡಕ್ಕೆ ಬರಲ್ಲ ಕಣಪ್ಪ. ನಿಮ್ಮವ್ವಂಗೆ ಯಾವ್ದು ಬಂದೈತಿ ಅಂತ ನಂಗೂ ಗೊತ್ತಿಲ್ಲ. ಹಿಂಗೆ ಮಾಡಿದ್ರೇನೇ ಸೈನ್ಸು. ಗೆದ್ರೆ ಇಡೀ ತಾಲ್ಲೂಕಿಗೆ ಪುಡಿ ಬರ್ತದೆ.”
“ಗೌಡ್ರ ಓಣಿನಾಗೂ ಅರ್ಧ ಮರಳು ಇಡ್ರಿ ಹಂಗಾರ.”
“ಅಲ್ಲಿ ಎಲ್ರೂ ಕ್ಯಾನ್ ನೀರು ಕುಡಿತಾರೆ. ಹೋಲಿಕೆ ಕೆಟ್ಟೋಗ್ತದೆ.”

ಕೇಳಿದಿರಾ? ವಿಷ ಕುಡಿಯುವವರೇ ಬೇಕು. ಒಂದು ಮಗುವಿನ ಮೂಳೆ ಗಟ್ಟಿಯಾಯಿತೆಂದು ತೋರಿಸಲು ಪಕ್ಕದ ಮನೆಯ ಮಗುವಿನ ಮೂಳೆ ಸೊಟ್ಟಗಾಗಬೇಕು. ಕೆರೆ ಮುಟ್ಟಬೇಡಿ ಅಂದವರ ವಿರುದ್ಧ ನಿಂತು ಅಪ್ಪ ಗಾದಿಲಿಂಗಪ್ಪ ಲಾಠಿ ತಿಂದ. ನನಗೆ ಕ್ರಾಂತಿಕುಮಾರ ಅಂತ ಹೆಸರಿಟ್ಟು ಸತ್ತ. ಅವನ ಮಗ ಅದೇ ಕೇರಿಗೆ ಮರಳಿನ ಡಬ್ಬಿ ಹೊತ್ತ. ಸಂಬಳಕ್ಕೆ.

15 ಮಾರ್ಚ್
ಕೂಡ್ಲಿಗಿಯಿಂದ ಬೈಕಿಗೆ ಕ್ಯಾನ್ ಕಟ್ಟಿಕೊಂಡು ಹೋಗಿ ಕೊಟ್ಟೆ. ನಿಯಮಕ್ಕೆ ವಿರುದ್ಧ. ಆಗಲಿ. “ನೀನೇ ಕುಡಿ. ಯಾರಿಗೂ ಕೊಡಬ್ಯಾಡ” ಅಂದೆ. ಅವ್ವ ಹೂಂ ಅಂದಳು.

ಇನ್ನು ಪ್ರತಿ ವಾರ.

2 ಮೇ
ಕ್ಯಾನ್ ಕೊಟ್ಟರೂ ಇಳಿದಿಲ್ಲ. ಯಾಕೆ?

ಹಂಪಮ್ಮನ ಸೊಸೆ ಪ್ರಿಯಾ ಬಸುರಿ. ಅವಳ ರಿಪೋರ್ಟು ಚೆನ್ನಾಗಿದೆ. ಅವರಿಗೆ ಅಸಲಿ ಡಬ್ಬಿ ಬಂದಿರಬೇಕು. ಹೊಟ್ಟೆಕಿಚ್ಚಾಯಿತು. ಬಸುರಿ ಹೆಂಗಸಿನ ಮೇಲೆ ಹೊಟ್ಟೆಕಿಚ್ಚು... ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿದಿರಿ ಸರ್.

21 ಆಗಸ್ಟ್
ಮೂರು ತಿಂಗಳು ಬರೆಯಲಿಲ್ಲ. ಬರೆಯಲು ಏನಿತ್ತು — ಬಾಟಲಿ, ಚೀಟಿ, ಬಸ್ಸು. ಅವ್ವ ಈಗ ಗೋಡೆ ಹಿಡಿದು ನಡೆಯುತ್ತಾಳೆ.

ಇವತ್ತು ಆಫೀಸಿನಲ್ಲಿ ಫಲಿತಾಂಶ ತೋರಿಸಿದರು. ಪುಡಿಯ ಮನೆಗೂ ಮರಳಿನ ಮನೆಗೂ ವ್ಯತ್ಯಾಸ ಇಲ್ಲ. ಪುಡಿ ಫೇಲು. ಪ್ರಾಜೆಕ್ಟು ಬಂದ್. ಡಬ್ಬಿಗಳೆಲ್ಲ ವಾಪಸ್ಸು.

ಕೊನೆಗೆ ಯಾರಿಗೆ ಯಾವುದೆಂದು ಪರದೆಯ ಮೇಲೆ ಬಂತು. ಹಂಪಮ್ಮ — ಮರಳು. ಪಕ್ಕೀರಮ್ಮ — ಪುಡಿ.

ಮತ್ತೆ ಓದಿದೆ. ಪಕ್ಕೀರಮ್ಮ — ಪುಡಿ.

22 ಆಗಸ್ಟ್, ಮಧ್ಯಾಹ್ನ
ಕೆಲಸಕ್ಕೆ ಹೋಗದೆ ಊರಿಗೆ ಬಂದೆ. ಒಳಗೆ ಹೋದವನೇ ಕೂಗಾಡಿದೆ. “ಯವ್ವಾ, ನಿಂದು ಅಸಲಿ ಡಬ್ಬಿ! ಕುಡದ್ರೂ ಯಾಕ ಇಳೀಲಿಲ್ಲ? ಏನ್ ಮಾಡಿದಿ ನೀರ್ನ?”
ಅವ್ವ ಜೋಳ ಕೇರುತ್ತಿದ್ದಳು. ಮೊರ ನಿಲ್ಲಲಿಲ್ಲ. “ಅಸಲಿ ಅಂತ ಸಂಕ್ರಾಂತಿಗೆ ಮೊದ್ಲ ಗೊತ್ತಿತ್ತು ಬಿಡೋ.”
“ಹೆಂಗ?”
ಹಂಪಮ್ಮ ಬಾಗಿಲಿಗೆ ಬಂದು ನಿಂತಳು. “ಬ್ಯಾಳಿ ಇಟ್ಟು ನೋಡಿದ್ವಿ. ನಿಮ್ಮವ್ವನ ನೀರಾಗ ತೊಗರಿಬ್ಯಾಳಿ ಬೆಣ್ಣಿಯಂಗ ಬೇಯ್ತು. ನಮ್ಮ ನೀರಾಗ ಕಲ್ಲು ಕಲ್ಲಾಗೇ ಉಳೀತು. ಎಲ್ಲಾರ ಮನ್ಯಾಗೂ ಹಂಗೇ ನೋಡಿದ್ವಿ.”
“ಆಮ್ಯಾಲ?”
“ಆಮ್ಯಾಲೇನು. ಅಸಲಿ ನೀರು ಕೇರಿ ಹುಡುಗ್ರಿಗೆ, ಬಸ್ರೇರಿಗೆ. ಡಬ್ಬಿ ಯಾರ ಮನ್ಯಾಗಿದ್ರೂ. ದೊಡ್ಡೋರು ಬೋರಿನ ನೀರೇ. ಕೂತು ಮಾತಾಡ್ಕೊಂಡ್ವಿ.”
“ನನಗ್ಯಾಕ ಹೇಳಲಿಲ್ಲ?”
“ನೀನು ಅವ್ರ ಕಡಿಯಾವ ಅಲ್ಲೇನಲೇ?”

ಉಗುಳಿದ್ದರೆ ಚೆನ್ನಾಗಿತ್ತು.

“ನಾ ತಂದ ಕ್ಯಾನು?”
ಅವ್ವ ಮೊರ ಕೆಳಗಿಟ್ಟಳು. “ಅದೂ ಪ್ರಿಯಾಗೇ ಕೊಟ್ಟೆ. ಹೊಟ್ಯಾಗಿನ ಕೂಸಿಗೂ ಬೆನ್ನು ಐತಲ್ಲೋ. ನಂದೇನು, ಬಗ್ಗೈತಿ. ಮತ್ತ ನೆಟ್ಟಗಾಕ್ಕತೇನು? ನಿಮ್ಮಪ್ಪ ಬದುಕಿದ್ರ ಇದ್ನ ಮಾಡ್ತಿದ್ದ.”
ಕೈಯಲ್ಲಿ ಹಿಡಿದು ನೋಡಬಹುದಾದ ಸಿಟ್ಟಿತ್ತು ನನಗೆ. ಯಾರ ಮೇಲೆ ಎಸೆಯಲಿ?

ಇಡೀ ಕೇರಿ ಸಮ ಹಂಚಿಕೊಂಡಿತು. ಸಮ ಆಯಿತು. ಅದಕ್ಕೇ ವ್ಯತ್ಯಾಸ ಇಲ್ಲ. ನಲ್ಲಿ ತಿರುಗಿದ್ದು ಉಪಗ್ರಹಕ್ಕೆ ಗೊತ್ತು. ನೀರು ಯಾರ ಬಾಯಿಗೆ ಹೋಯಿತೆಂದು ಗೊತ್ತಿಲ್ಲ.

25 ಆಗಸ್ಟ್
ಗುರುಮೂರ್ತಿ ಸರ್‌ಗೆ ಎಲ್ಲ ಹೇಳಿದೆ. ಪುಡಿ ಕೆಲಸ ಮಾಡಿದೆ ಸರ್. ಎರಡೂ ಕಡೆಯ ಮಕ್ಕಳ ರಿಪೋರ್ಟು ನೋಡಿ. ಎಲ್ಲರದೂ ಇಳಿದಿದೆ.
ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದರು.
“ಮಳೆಗಾಲದಾಗೆ ಬೋರಿನ ನೀರಾಗೇ ಫ್ಲೋರೈಡ್ ಇಳಿದಿರಬೌದು ಅಂತಾರೆ ಬೆಂಗಳೂರಿನೋರು. ನೀರು ಹಂಚಿದ್ರು ಅಂತ ಬರೆದ್ರೆ ಪೂರಾ ಡೇಟಾನೇ ಕಸ. ಯಾರೂ ಒಪ್ಪಲ್ಲ.”
“ಮಾರ್ಚ್‌ನಾಗೇ ಮಕ್ಕಳದು ಇಳಿದೈತಿ. ಆಗ ಎಲ್ಲಿ ಮಳಿ ಸರ್?”
ರಿಪೋರ್ಟುಗಳನ್ನು ಜೋಡಿಸಿ ಫೈಲು ಮುಚ್ಚಿದರು.
“ಡಬ್ಬಿನಾದ್ರೂ ಬಿಡ್ರಿ.”
“ನಮ್ಮವಲ್ಲ ಅವು. ಮುಂದಿನ ಸೈಟಿಗೆ ಹೋಗ್ತವೆ. ಬೇರೆ ಜಿಲ್ಲೆ. ಈ ಸಲ ಮನೆಗಳು ದೂರ ದೂರ ಇರೋ ಊರು ನೋಡ್ತಾರೆ.”
“ನೀವೂ ಕೇರಿಯವ್ರೇ ಅಲ್ಲೇನ್ರಿ ಸರ್?”
“ಅದಕ್ಕೇ ಇಷ್ಟು ಹೊತ್ತು ಕೇಳ್ದೆ ಕಣಪ್ಪ” ಅಂದರು. ಗೋಡೆ ನೋಡುತ್ತ.

ದೂರ ದೂರ ಇರುವ ಮನೆಗಳು. ಅಂದರೆ ಒಬ್ಬರಿಗೊಬ್ಬರು ಆಗದ ಜನ ಬೇಕು. ನಾವು ಒಬ್ಬರಿಗೊಬ್ಬರು ಆದೆವು. ನಮ್ಮಲ್ಲಿ ಸಿಕ್ಕ ದೋಷ ಅಷ್ಟೇ.

29 ಆಗಸ್ಟ್
ಡಬ್ಬಿ ಬಿಚ್ಚಿ ತರುವ ಕೆಲಸ ನನಗೇ. ತಾಲ್ಲೂಕು ಆಫೀಸಿಗೆ ಅರ್ಜಿ ಕೊಟ್ಟೆ, ದಲಿತ ಸಂಘದವರನ್ನು ಕರೆದೆ. ಘೋಷಣೆ ಕೂಗಿದೆವು. ಅರ್ಜಿಯ ಮೇಲೆ ಸೀಲು ಬಿತ್ತು, ಅಷ್ಟೇ. ನಾನು ಒಲ್ಲೆ ಅಂದರೆ ಬೇರೆಯವನು ಬಿಚ್ಚುತ್ತಾನೆ, ನಲ್ಲಿ ಮುರಿಯುತ್ತಾನೆ. ಹೀಗೆ ಹೇಳಿಕೊಳ್ಳುತ್ತಿದ್ದೇನೆ. ಎಲ್ಲ ನೌಕರರೂ ಹೀಗೇ ಹೇಳಿಕೊಳ್ಳುತ್ತಾರೆ.

1 ಸೆಪ್ಟೆಂಬರ್
ನಮ್ಮ ಮನೆಯ ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೇನೆ. ತೊಡೆಯ ಮೇಲೆ ನಟ್ಟು ಬಿಚ್ಚುವ ಪಾನಾ. ಕೇರಿಯ ಡಬ್ಬಿಗಳೆಲ್ಲ ವ್ಯಾನಿನಲ್ಲಿ. ನಮ್ಮದೊಂದೇ ಉಳಿದಿದೆ.

ಯಾರೂ ಬಯ್ಯಲಿಲ್ಲ. ಹಂಪಮ್ಮ ಕೂಡ ಕಿಚಾಯಿಸಲಿಲ್ಲ. ಡಬ್ಬಿ ಎತ್ತಿ ತಾನೇ ನನ್ನ ಹೆಗಲಿಗಿಟ್ಟಳು. ಒಳಗೆ ಮರಳು. ಭಾರ.

ಪ್ರಿಯಾ ಹೆತ್ತು ಐದು ದಿನ. ಹೆಣ್ಣು ಕೂಸು. ಕಾಲು ನೆಟ್ಟಗಿವೆ. ನಾನೇ ಸುತ್ತಿದ ಬಟ್ಟೆ ಬಿಚ್ಚಿ ನೋಡಿದೆ.

ಅವ್ವ ನಲ್ಲಿಯ ಕೆಳಗೆ ಕೊಡ ಇಟ್ಟಿದ್ದಾಳೆ. ಗೋಡೆಗೆ ಒರಗಿ ಕೂತಿದ್ದಾಳೆ. ತೆಳ್ಳಗೆ ಬೀಳುತ್ತಿದೆ.
“ಲೇ ಕ್ರಾಂತಿ, ಇದೊಂದು ಕೊಡ ತುಂಬ್ಲಿ. ಬಾಣಂತಿಗೆ ಕೊಟ್ ಬಾ. ಆಮ್ಯಾಲ ಬಿಚ್ಚು.”
“ಒಂದ್ ಲೋಟ ನೀನು ಕುಡಿ ಯವ್ವಾ. ಒಂದೇ ಒಂದು.”
“ಹೋಗೋ. ನಾಲಿಗಿಗೆ ರುಚಿ ಹತ್ತಿದ್ರ ನಾಳಿಂದ ಬೋರಿನ ನೀರು ಗಂಟಲಾಗ ಇಳಿಬೇಕಲ್ಲ.”

ಡ್ರೈವರ್ ಅಂಜಿನೇಯಲು ಹಾರ್ನ್ ಹೊಡೆಯುತ್ತಿದ್ದಾನೆ. ತಡಿಯೋ ಮಾರಾಯ, ಕೊಡ ಇನ್ನೂ ಅರ್ಧ —